ನಾಯಿಗೆ ಕೊಟ್ಟ ನಗು

ನನ್ನ ಎಡಗೆನ್ನೆ ಈ ದೇಶದಲ್ಲಿ ನನಗಿಂತ ಹೆಚ್ಚು ಹೆಸರು ಮಾಡಿದೆ. ಲೋರ್ನಾ ಪೆಲ್ ಅಂದರೆ ಈಗಿನವರು ಯಾರಪ್ಪ ಅದು ಅಂತ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಗೋಧಿ ಧೂಳು’ ಸಿನಿಮಾದಲ್ಲಿ ಹೋಟೆಲಿನೊಳಗೆ ಗಂಡನ ಕೈಲಿ ಕಪಾಳಕ್ಕೆ ಹೊಡೆಸಿಕೊಳ್ಳುತ್ತಾಳಲ್ಲ ಆ ಹುಡುಗಿ ಅಂದರೆ ಸಾಕು, ಓ ಅವಳಾ ಅನ್ನುತ್ತಾರೆ. ಆ ಮುಖ ಕಾಫಿ ಮಗ್ಗುಗಳ ಮೇಲಿದೆ, ಟೀ ಶರ್ಟುಗಳ ಮೇಲಿದೆ, ಸಿನಿಮಾ ಕಲಿಸುವ ಶಾಲೆಗಳ ಗೋಡೆ ಮೇಲೂ ಇದೆ. ಅಗಲವಾಗಿ ತೆರೆದ ಕಣ್ಣು, ಅರ್ಧ ಬಿಟ್ಟ ಬಾಯಿ, ಕೆನ್ನೆಗೆ ಅಂಟಿಕೊಂಡ ಕೂದಲು. ಅಮೆರಿಕದ ಪರದೆ ಕಂಡ ಅತ್ಯಂತ ಪ್ರಾಮಾಣಿಕ ಅಭಿನಯ ಅಂತ ಯಾರೋ ಪುಣ್ಯಾತ್ಮ ಬರೆದುಬಿಟ್ಟ, ಉಳಿದವರೆಲ್ಲ ಅದನ್ನೇ ಒಪ್ಪಿಸುತ್ತಾ ಬಂದರು.

ಅಭಿನಯವೂ ಇಲ್ಲ, ಮಣ್ಣೂ ಇಲ್ಲ. ಒಹಾಯೋದ ಟೊಲೀಡೊ ಊರಿನಿಂದ ಬಂದ ಇಪ್ಪತ್ತೆರಡರ ಹುಡುಗಿಯೊಬ್ಬಳು, ತನಗೆ ಒಂದು ಕಡೆ ಯಾಕೆ ಏನೂ ಕೇಳಿಸುತ್ತಿಲ್ಲ ಅಂತ ಯೋಚನೆ ಮಾಡುತ್ತಿದ್ದಾಳೆ. ಅಷ್ಟೆ.

ರಿಹರ್ಸಲ್ಲಿನಲ್ಲಿ ಗ್ರಾಂಟ್ ಮೆಕ್‌ಕ್ರೆಡಿಯ ಕೈ ನನ್ನ ಕೆನ್ನೆಯ ಹತ್ತಿರ ಬಂದು ನಿಲ್ಲುತ್ತಿತ್ತು. ನಾನು ಮುಖ ತಿರುಗಿಸಬೇಕು, ಸದ್ದನ್ನು ಆಮೇಲೆ ಸೇರಿಸಿಕೊಳ್ಳುತ್ತಾರೆ, ಇಷ್ಟೇ ಮಾತಾಗಿದ್ದು. ಕ್ಯಾಮೆರಾ ಓಡುವ ಮುಂಚೆ ನಿರ್ದೇಶಕ ವಿಕ್ಟರ್ ಸ್ಟ್ರೂಬ್ ಗ್ರಾಂಟ್‌ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದ. ಗ್ರಾಂಟ್ ಹರೆಯದಲ್ಲಿ ಬೇಸ್‌ಬಾಲ್ ಎಸೆಯುತ್ತಿದ್ದವನು. ಆ ತೋಳಿನಲ್ಲಿ ಹೊಡೆದ. ಆಮೇಲೆ ಪಾಪ, ಅವನೇ ಮೂಲೆಯಲ್ಲಿ ಕೂತು ಅತ್ತ. ಸ್ಟ್ರೂಬ್ ಮಾತ್ರ ಬಂದು ನನ್ನ ಹಣೆಗೆ ಮುತ್ತಿಟ್ಟು, “ಮೊದಲೇ ಹೇಳಿಬಿಟ್ಟಿದ್ರೆ ಈ ಮುಖ ಬರ್ತಿರಲಿಲ್ಲ, ಮಗು” ಅಂದ. ಬಲಗಡೆಯಿಂದ ಹೇಳಿದ್ದರಿಂದ ಕೇಳಿಸಿತು.

ಸ್ಟುಡಿಯೋದ ಡಾಕ್ಟರು ಬಂದು ಎಡಗಿವಿಗೆ ಬ್ಯಾಟರಿ ಬಿಟ್ಟು ನೋಡಿ, ಕಿವಿಯ ತಮಟೆಯಲ್ಲಿ ಸಣ್ಣ ತೂತು, ಆರು ವಾರದಲ್ಲಿ ಕೂಡಿಕೊಳ್ಳುತ್ತೆ ಅಂದರು. ಕೂಡಿಕೊಳ್ಳಲಿಲ್ಲ, ಕೀವಾಯಿತು. ಕ್ರಿಸ್ಮಸ್ಸಿನ ಹೊತ್ತಿಗೆ ಎಡಗಿವಿ ಪೂರ್ತಿ ಹೋಯಿತು. ಯಾರಿಗೂ ಹೇಳಲಿಲ್ಲ. ಕಿವುಡಿಯನ್ನು ನಾಯಕಿ ಮಾಡುವಷ್ಟು ದೊಡ್ಡ ಮನಸ್ಸು ಆಗ ಯಾರಿಗೂ ಇರಲಿಲ್ಲ, ಈಗಲೂ ಇದೆ ಅಂತ ನನಗೇನೂ ಅನ್ನಿಸುವುದಿಲ್ಲ. ಅದರ ಬದಲು ಒಂದು ಉಪಾಯ ಕಲಿತೆ. ಎಡಗಡೆ ಕೂತವರು ಮಾತಾಡಿದರೆ ಅವರ ಹೆಗಲ ಮೇಲೆ ಕೈಯಿಟ್ಟು, ನಗುತ್ತಾ, ಇಡೀ ಮೈಯನ್ನೇ ತಿರುಗಿಸಿ ಬಲಗಿವಿಯನ್ನು ಅವರ ಬಾಯಿಯ ಹತ್ತಿರ ತರುವುದು. ಲೋರ್ನಾ ಪೆಲ್ ಮಾತು ಕೇಳುವ ರೀತಿಯಲ್ಲೇ ಒಂದು ಸೆಳೆತವಿದೆ ಅಂತ ತಾರೆಯರ ಸುದ್ದಿ ಬರೆಯುವ ಹೆಂಗಸೊಬ್ಬಳು ಬರೆದಳು. ಅದನ್ನು ಓದಿದ ರಾತ್ರಿ ನಾನು ಅತ್ತಷ್ಟು ಹೊಡೆತ ಬಿದ್ದ ದಿನವೂ ಅತ್ತಿರಲಿಲ್ಲ.

ಆಮೇಲೆ ನನಗೆ ಬಂದ ಪಾತ್ರಗಳೆಲ್ಲ ಹೊಡೆತ ತಿನ್ನುವವೇ. ಗಂಡ ಹೊಡೆಯುತ್ತಾನೆ, ಅಪ್ಪ ಹೊಡೆಯುತ್ತಾನೆ, ದರೋಡೆಕೋರ ಹೊಡೆಯುತ್ತಾನೆ. ಕೊನೆಗೆ ಟೀವಿಯಲ್ಲಿ ಸೋಪಿನ ಜಾಹೀರಾತು. ‘ಗೋಧಿ ಧೂಳು’ ಸಿನಿಮಾವನ್ನು ನಾನು ಒಂದೇ ಒಂದು ಸಲವೂ ಪೂರ್ತಿ ನೋಡಿಲ್ಲ.

ನನಗಿಂತ ಹೆಚ್ಚು ನೋಡಿದವನು ಲೇಲಂಡ್ ಪ್ರೌಟಿ. ಹಳೆಯ ಸಿನಿಮಾಗಳ ಮೇಲೆ ಪುಸ್ತಕ ಬರೆಯುತ್ತಾನೆ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ನಲವತ್ತು ವರ್ಷದ ಸ್ನೇಹಿತ. ಆ ಹೊಡೆತವನ್ನು ತುಂಡು ತುಂಡು ಮಾಡಿ ನಿಲ್ಲಿಸಿ ವಿದ್ಯಾರ್ಥಿಗಳಿಗೆ ತೋರಿಸಿ, ನನ್ನ ಕೆನ್ನೆಯ ಮೇಲೆ ಮನೆ ಕಟ್ಟಿಕೊಂಡವನು. ಆದರೂ ಗುರುವಾರ ಗುರುವಾರ ಬರ್ಬ್ಯಾಂಕಿನ ಪ್ಯಾನ್‌ಕೇಕ್ ಹೋಟೆಲಿಗೆ ನನ್ನನ್ನು ಕರೆದುಕೊಂಡು ಹೋಗುವವನು ಅವನೊಬ್ಬನೇ. ನಾನು ಯಾವಾಗಲೂ ಗೋಡೆಗೆ ಎಡಗಡೆ ಮಾಡಿ ಕೂರುತ್ತೇನೆ. ಕಿಟಕಿಯ ಬೆಳಕು ಚೆನ್ನಾಗಿ ಬೀಳಲಿ ಅಂತ ಹಾಗೆ ಕೂರುತ್ತೇನೆ ಅಂದುಕೊಂಡಿದ್ದಾನೆ.

ಹೋದ ವರ್ಷ ಒಂದು ಗುರುವಾರ ಕೆಂಡಾಮಂಡಲವಾಗಿ ಬಂದ. ‘ಗೋಧಿ ಧೂಳು’ ಚಿತ್ರದ ರೀಮೇಕ್ ಮಾಡುತ್ತಾರಂತೆ.

“ಕಲರ್‌ನಲ್ಲಿ ಮಾಡ್ತಾರಂತೆ ಕಣೇ! ಕಾನ್ಸಾಸ್ ಧೂಳಿಗೆ ಎಂಥ ಕಲರ್?”

“ಕಂದು ಕಣೋ. ಒಂದು ಬೇಸಿಗೆ ಪೂರ್ತಿ ತಿಂದಿದ್ದೀನಿ, ನನಗೆ ಗೊತ್ತು.”

“ತಮಾಷೆ ಬೇಡ ಲೋರ್ನಾ. ನಾಳೆ ನಿನ್ನ ಹೋಟೆಲ್ ಸೀನನ್ನ ಯಾವಳೋ ಬಂದು ಮಾಡ್ತಾಳೆ. ನಿನಗೆ ಹೊಟ್ಟೆ ಉರಿಯಲ್ವಾ?”

“ಉರಿಯೋದು ಹೊಟ್ಟೆ ಅಲ್ಲ ಬಿಡು.”

“ಮತ್ತೇನು?”

“ಆ ಸಿರಪ್ ಈ ಕಡೆ ತಳ್ಳು.”

ಅವನು ತಳ್ಳಿದ. ಬಾಯಿ ಮಾತ್ರ ನಿಲ್ಲಿಸಲಿಲ್ಲ. “ಈಗಿನ ಜನಕ್ಕೆ ಹಳೇದು ಅರ್ಥ ಆಗಲ್ಲ ಅಂತಾರೆ. ಆಗದೇ ಇದ್ರೆ ಕೂತು ಅರ್ಥ ಮಾಡ್ಕೊಳ್ಳಲಿ! ಅವರಿಗೆ ನಾವು ಜಗಿದು ಬಾಯಿಗೆ ಇಡಬೇಕಾ?”

“ಹಳೇದನ್ನ ಯಾರೂ ಸುಡ್ತಿಲ್ಲವಲ್ಲೋ. ಅದರ ಪಾಡಿಗೆ ಅದು ಇರುತ್ತೆ.”

“ಸುಡೋದೇ ಬೇಡ. ಹೊಸದು ಬಂದ್ರೆ ಹಳೇದನ್ನ ಯಾರೂ ನೋಡಲ್ಲ. ಹತ್ತು ವರ್ಷ ಹೋಗಲಿ, ಹೋಟೆಲ್ ಸೀನ್ ಅಂದ್ರೆ ಜನ ಹೊಸದನ್ನೇ ನೆನೆಸ್ಕೋತಾರೆ. ನಿನ್ನ ಮುಖ ಮರೆತೇಹೋಗುತ್ತೆ.”

ಹೆದರಿಸಲು ಹೇಳಿದ್ದು. ನನಗೆ ಆ ಮಾತು ಬಿಸಿಲಲ್ಲಿ ನಡೆದು ಬಂದವಳಿಗೆ ತಣ್ಣೀರು ಕೊಟ್ಟ ಹಾಗಿತ್ತು. ಮರೆತೇಹೋಗುತ್ತೆ! ನಾನು ಇನ್ನೊಂದು ಪ್ಯಾನ್‌ಕೇಕ್ ತರಿಸಿಕೊಂಡೆ.

ಲೇಲಂಡ್ ಸುಮ್ಮನೆ ಕೂರುವ ಜಾತಿಯಲ್ಲ. ರೀಮೇಕ್ ಬೇಡ ಅಂತ ಪ್ರೊಫೆಸರುಗಳಿಂದ, ಹಳೆಯ ನಟರಿಂದ ಸಹಿ ಹಾಕಿಸಲು ಶುರು ಮಾಡಿದ. ನನ್ನ ಸಹಿಗೆ ಎಲ್ಲಕ್ಕಿಂತ ಮೇಲೆ ಜಾಗ ಬಿಟ್ಟಿದ್ದನಂತೆ. ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ಹಾಲಿಸ್ ಬ್ರಾಂಟ್ ಬಂದಳು. ರೀಮೇಕಿನ ನಿರ್ದೇಶಕಿ, ನಲವತ್ತರ ಒಳಗಿನವಳು, ಮೆತ್ತಗೆ ಮಾತಾಡುವವಳು. ಹಳೆಯ ಸಿನಿಮಾ ಮುಟ್ಟುವ ಮುಂಚೆ ಅದರ ಕಲಾವಿದರಲ್ಲಿ ಬದುಕಿ ಉಳಿದವರ ಹತ್ತಿರ ಹೋಗಿ ಆಶೀರ್ವಾದ ಕೇಳುವುದು ನಮ್ಮ ಸಿನಿಮಾ ಊರಿನ ಪದ್ಧತಿ. ಉಳಿದವಳು ನಾನೊಬ್ಬಳೇ. ನಿಂಬೆಹಣ್ಣಿನ ಪೈ ತಂದಿದ್ದಳು. ನಿವೃತ್ತ ಕಲಾವಿದರ ಆಶ್ರಮದ ನನ್ನ ಒಂದೇ ಕೋಣೆಯಲ್ಲಿ, ನನ್ನ ಹಾಸಿಗೆಯ ತುದಿಯಲ್ಲಿ ಕೂತಳು.

“ಲೋರ್ನಾ ಮೇಡಂ, ನೀವು ಬೇಡ ಅಂದ್ರೆ ನಾನು ಇವತ್ತೇ ಕೈ ಬಿಡ್ತೀನಿ.”

“ಸುಳ್ಳು ಹೇಳಬೇಡ ಮಗು. ಬಿಡಲ್ಲ ನೀನು. ಒಂದು ಮಾತು ನಡೆಸಿಕೊಡ್ತೀಯಾ ಹೇಳು.”

“ಏನು ಬೇಕಾದ್ರೂ ಹೇಳಿ.”

“ಆ ಹೊಡೆತ ಇರಬಾರದು.”

ಅವಳಿಗೆ ಅರ್ಥವಾಗಲಿಲ್ಲ. ಹೊಡೆತವೇ ಇಲ್ಲದ ‘ಗೋಧಿ ಧೂಳು’ ಯಾರಿಗೆ ಬೇಕು ಅನ್ನುವ ಹಾಗೆ ನೋಡಿದಳು. ಆಗ ಹೇಳಿದೆ. ಅರವತ್ತು ಚಿಲ್ಲರೆ ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟು ಹೇಳಿದೆ. ಸ್ಟ್ರೂಬ್ ಕಿವಿಯಲ್ಲಿ ಹೇಳಿದ್ದು, ಬೇಸ್‌ಬಾಲ್ ತೋಳು, ಕೀವು, ಗೋಡೆಗೆ ಎಡಗಡೆ ಮಾಡಿ ಕೂರುವುದು. ನಾನು ಸಾಯುವ ಮುಂಚೆ ಆ ಕಥೆಯಲ್ಲಿ ಆ ಹುಡುಗಿ ಒಂದು ಸಲವಾದರೂ ಹೊಡೆತ ತಿನ್ನದೆ ಎದ್ದು ಹೋಗುವುದನ್ನು ನೋಡಬೇಕು ಅಂದೆ. ನನಗೆ ಬೇರೇನೂ ಬೇಡ, ಇದೊಂದು ಬೇಕು.

ಹಾಲಿಸ್ ಅತ್ತಳು. ಅದು ನಾಟಕವಲ್ಲ. ಬಣ್ಣ ಹಚ್ಚಿ ಬಾಳಿದ ನನಗೆ ನಿಜವಾದ ಕಣ್ಣೀರು ಗೊತ್ತಾಗುತ್ತದೆ. ನನ್ನ ಎರಡೂ ಕೈ ಹಿಡಿದುಕೊಂಡು, “ಅವನು ಕೈ ಎತ್ತುತ್ತಾನೆ, ಅವಳು ಎದ್ದು ಹೋಗ್ತಾಳೆ. ಅವನ ಕೈ ಗಾಳಿಯಲ್ಲೇ ಉಳಿಯುತ್ತೆ. ಮಾತು ಕೊಡ್ತೀನಿ,” ಅಂದಳು.

ಮಾರನೆಯ ದಿನ ಪತ್ರಿಕೆಯವರು ಫೋನ್ ಮಾಡಿ ರೀಮೇಕ್ ಬಗ್ಗೆ ನಿಮ್ಮ ನೋವು ಹೇಳಿ ಅಂದರು. ಯಾವ ನೋವೂ ಇಲ್ಲ, ಬೇಗ ಮಾಡಲಿ ಅಂದೆ. ಲೇಲಂಡ್ ಬೆನ್ನಿಗೆ ಚೂರಿ ಹಾಕಿದೆ ಅಂತ ಗುರುವಾರ ಬರುವುದನ್ನೇ ಬಿಟ್ಟ. ಆಶ್ರಮದ ಊಟದ ಕೋಣೆಯಲ್ಲಿ ಹಳೆಯ ನಟರು ನನ್ನ ಮೇಜು ತಪ್ಪಿಸಿ ಕೂತರು. “ದುಡ್ಡು ತಗೊಂಡಿರಬೇಕು,” ಅಂತ ಒಬ್ಬಳು ನನ್ನ ಎಡಗಡೆ ಕೂತು ಹೇಳಿದಳಂತೆ. ನನಗೆ ಕೇಳಿಸಲಿಲ್ಲ, ಬಲಗಡೆಯವಳು ತಿಳಿಸಿದಳು. ಅಂಥ ಸೇವೆ ಮಾಡುವವರಿಗೆ ಬರ ಇಲ್ಲ ನಮ್ಮಲ್ಲಿ. ನಾನು ತಲೆಕೆಡಿಸಿಕೊಳ್ಳಲಿಲ್ಲ. ಗಾಳಿಯಲ್ಲಿ ಉಳಿದ ಕೈಯನ್ನು ನೆನೆಸಿಕೊಂಡು ಮಲಗುತ್ತಿದ್ದೆ. ಚೆನ್ನಾಗಿ ನಿದ್ದೆ ಬರುತ್ತಿತ್ತು.

ಆಮೇಲೆ ನನಗೊಂದು ಸಣ್ಣ ಪಾತ್ರ ಕೊಟ್ಟರು. ಇದೂ ಪದ್ಧತಿಯೇ. ಮೂಲ ಚಿತ್ರದ ಮುದುಕರನ್ನು ಹೊಸದರಲ್ಲಿ ಎಲ್ಲಾದರೂ ಒಂದು ಕ್ಷಣ ಕೂರಿಸುತ್ತಾರೆ, ಗುರುತು ಹಿಡಿದ ಪ್ರೇಕ್ಷಕ ಪಕ್ಕದವನಿಗೆ ಮೊಣಕೈಯಲ್ಲಿ ತಿವಿದು ಹೇಳಲಿ ಅಂತ. ನಾನು ಹೋಟೆಲಿನ ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುವ ಅಜ್ಜಿ. ಕರೆಸಿದ ದಿನ ಸೆಟ್ಟಿನಲ್ಲಿ ನಾಯಕಿಯೂ ಇರಲಿಲ್ಲ, ನಾಯಕನೂ ಇರಲಿಲ್ಲ. ಅವರದು ಮುಗಿದಿದೆ, ನಿಮ್ಮ ರಿಯಾಕ್ಷನ್ ಶಾಟ್ ಒಂದೇ ಬಾಕಿ ಅಂದರು. ಅಂದರೆ ನಾನು ಏನನ್ನೋ ನೋಡಬೇಕು, ಮುಖದಲ್ಲಿ ಏನೋ ಬರಬೇಕು. ನೋಡುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ಕ್ಯಾಮೆರಾ ಪಕ್ಕದ ಕೋಲಿಗೆ ಹಳದಿ ಟೇಪಿನ ತುಂಡು ಅಂಟಿಸಿದ್ದರು, ಅದನ್ನೇ ನೋಡಬೇಕು.

“ಅಲ್ಲೊಂದು ನಾಯಿಮರಿ ಇದೆ ಅಂದ್ಕೊಳ್ಳಿ ಮೇಡಂ,” ಅಂದಳು ಹಾಲಿಸ್. “ಯಾರದೋ ತಟ್ಟೆಯಿಂದ ಬೇಕನ್ ಮಾಂಸ ಕದೀತಿದೆ. ನೀವು ಮಾತ್ರ ನೋಡಿದ್ರಿ. ಯಾರಿಗೂ ಹೇಳಲ್ಲ.”

ಟೇಪಿನ ತುಂಡನ್ನು ನೋಡಿದೆ. ಮೊದಲು ಕಣ್ಣು ಸ್ವಲ್ಪ ಅರಳಿಸಿದೆ. ಆಮೇಲೆ ನಿಧಾನವಾಗಿ ತುಟಿಯ ಒಂದು ತುದಿಯಿಂದ ಶುರುವಾಗಿ ಇಡೀ ಮುಖಕ್ಕೆ ಹರಡುವ ಹಾಗೆ ನಕ್ಕೆ. ಅವಳು ಕೇಳದಿದ್ದರೂ, ತಿನ್ನು ಮರಿ, ತಿನ್ನು, ಅನ್ನುವ ಹಾಗೆ ಒಂದು ಸಲ ತಲೆಯನ್ನೂ ಆಡಿಸಿದೆ. ಸೆಟ್ಟಿನಲ್ಲಿ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ಲೈಟ್ ಹಿಡಿದವನು ಸಿಳ್ಳೆ ಹಾಕಿದ. ಚಪ್ಪಾಳೆ ಕೇಳಿ ಎಷ್ಟು ಕಾಲವಾಗಿತ್ತೋ. ನನ್ನ ಶಾಟನ್ನು ಯಾವುದರ ಪಕ್ಕ ಅಂಟಿಸುತ್ತೀರಿ ಅಂತ ಕೇಳದೆ ಈ ಕಸುಬಿನಲ್ಲಿ ಯಾರೂ ಮುಖ ಕೊಡಬಾರದು. ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿದ್ದ ವಿಷಯ ಅದು. ಸ್ಟ್ರೂಬ್‌ನನ್ನು ಪ್ರತಿ ಸಲ ಕೇಳಿ ಸುಸ್ತು ಮಾಡುತ್ತಿದ್ದೆ. ಅವತ್ತು ಕೇಳಲಿಲ್ಲ. ಖುಷಿಯಾಗಿದ್ದೆ, ಕೇಳಲಿಲ್ಲ.

ಅದಾದ ಮೇಲೆ ಹಾಲಿಸ್‌ಳ ಫೋನು ನಿಂತಿತು. ಕೆಲಸದ ಗಡಿಬಿಡಿ ಅಂದುಕೊಂಡೆ. ವಸಂತದಲ್ಲಿ ಪ್ರಥಮ ಪ್ರದರ್ಶನಕ್ಕೆ ಕಾರು ಕಳಿಸಿದರು. ಕೆಂಪು ಹಾಸಿನ ಮೇಲೆ ಹಾಲಿಸ್ ನನ್ನನ್ನು ತಬ್ಬಿಕೊಂಡಳು. ಬಿಗಿಯಾಗಿ, ತುಂಬ ಹೊತ್ತು. ಕಣ್ಣಿಗೆ ಕಣ್ಣು ಕೊಡಲಿಲ್ಲ. ಅದನ್ನೂ ಗಡಿಬಿಡಿ ಅಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು.

ಸಿನಿಮಾ ಚೆನ್ನಾಗಿಯೇ ಇತ್ತು. ಹೇಳಬೇಕಾದ್ದನ್ನು ಹೇಳಬೇಕು. ನಾಯಕಿ ಸಬೀನ್ ಒರ್ಟೇಗಾ ಅನ್ನುವ ಹುಡುಗಿ ಆ ವಯಸ್ಸಿನ ನನಗಿಂತ ನೂರು ಪಾಲು ಮೇಲು. ಗೋಧಿ ಹೊಲದಲ್ಲಿ ಧೂಳು ಏಳುವಾಗ ನನ್ನ ಗಂಟಲಲ್ಲಿ ಆ ರುಚಿ ಬಂತು. ಹೋಟೆಲ್ ಸೀನ್ ಶುರುವಾದಾಗ ನಾನು ಕುರ್ಚಿಯ ತುದಿಗೆ ಬಂದು ಕೂತೆ. ಮೇಜಿನಲ್ಲಿ ಗಂಡ ಹೆಂಡತಿ. ಮಾತಿಗೆ ಮಾತು ಬೆಳೆಯಿತು. ಅವನು ಕೈ ಎತ್ತಿದ. ಈಗ ಏಳುತ್ತಾಳೆ, ಏಳು ಮಗಳೇ, ಏಳು, ಅಂತ ನಾನು ಬಾಯಿಬಿಟ್ಟೇ ಅಂದಿರಬೇಕು, ಪಕ್ಕದವರು ತಿರುಗಿ ನೋಡಿದರು.

ಹೊಡೆದ.

ಸಬೀನ್‌ಳ ಮುಖ ಪರದೆ ತುಂಬ ಬಂತು. ಅಗಲವಾಗಿ ತೆರೆದ ಕಣ್ಣು, ಅರ್ಧ ಬಿಟ್ಟ ಬಾಯಿ. ನನಗೆ ಆ ಮುಖ ಗೊತ್ತು. ಅದನ್ನು ಅಭಿನಯಿಸುವುದಕ್ಕೆ ಯಾರಿಗೂ ಬರುವುದಿಲ್ಲ. ತಕ್ಷಣ ಮೂಲೆಯ ಮೇಜಿನ ಅಜ್ಜಿ ಬಂದಳು. ಅವಳನ್ನೇ ನೋಡುತ್ತಾ, ಕಣ್ಣು ಅರಳಿಸಿ, ನಿಧಾನವಾಗಿ ನಕ್ಕಳು. ನಕ್ಕು ತಲೆಯಾಡಿಸಿದಳು. ತಿನ್ನು ಮರಿ, ತಿನ್ನು.

ಇಡೀ ಥಿಯೇಟರ್ ಓ ಅಂದಿತು. ಮೊಣಕೈಯಲ್ಲಿ ತಿವಿದುಕೊಂಡರು. ಚಪ್ಪಾಳೆ ತಟ್ಟಿದರು. ನಾನೂ ಎದ್ದು ಹೋಗಲಿಲ್ಲ.

ಸಿನಿಮಾ ಮುಗಿದ ಮೇಲೆ ವೇದಿಕೆಯ ಮೇಲೆ ಮಾತುಕತೆ. ಕುರ್ಚಿಗಳನ್ನು ಹಾಕಿ, ನನ್ನನ್ನು ಇಬ್ಬರು ಹಿಡಿದುಕೊಂಡು ಹೋಗಿ ಕೂರಿಸಿದರು. ನನ್ನ ಬಲಕ್ಕೆ ಸಬೀನ್, ಅವಳಾಚೆ ಹಾಲಿಸ್. ಮಾತುಕತೆ ನಡೆಸಿಕೊಡುವುದಕ್ಕೆ ಮೈಕು ಹಿಡಿದು ಬಂದವನು ಯಾರು ಅಂತೀರಿ, ಸಹಿ ಹಾಕಿಸುತ್ತಿದ್ದ ನಮ್ಮ ಲೇಲಂಡ್! ಬೋ ಟೈ ಕಟ್ಟಿಕೊಂಡು, ಮುಖದಲ್ಲಿ ಮದುವೆ ಕಳೆ.

“ನಾನು ಈ ರೀಮೇಕಿನ ವಿರುದ್ಧ ಇದ್ದೆ, ಎಲ್ಲರಿಗೂ ಗೊತ್ತು,” ಅಂದ. “ಸೋತೆ. ಖುಷಿಯಾಗಿ ಸೋತೆ. ಯಾಕಂದ್ರೆ ಇವರು ಆ ಹೊಡೆತಕ್ಕೆ ಕೈ ಹಾಕಲಿಲ್ಲ. ಹಾಲಿಸ್, ಅದನ್ನ ತೆಗೀಬೇಕು ಅಂತ ಯೋಚನೆ ಇತ್ತಂತೆ?”

ಹಾಲಿಸ್ ನೀರು ಕುಡಿದಳು. “ತೆಗೆದೇಬಿಟ್ಟಿದ್ವಿ. ಅವಳು ಎದ್ದು ಹೋಗೋ ಥರ ಶೂಟ್ ಮಾಡಿದ್ವಿ. ಬಿಡುಗಡೆಗೆ ಮುಂಚೆ ಒಂದು ಊರಲ್ಲಿ ಜನರಿಗೆ ತೋರಿಸಿ ಅಭಿಪ್ರಾಯ ಕೇಳಿದ್ವಿ. ಎಲ್ಲರೂ ಒಂದೇ ಕೇಳಿದ್ರು, ಹೊಡೆತ ಎಲ್ಲಿ ಅಂತ. ಸ್ಟುಡಿಯೋದವರು ಮತ್ತೆ ಶೂಟ್ ಮಾಡಿ ಅಂದ್ರು. ನನಗೆ ಕಷ್ಟ ಆಯ್ತು. ಆಮೇಲೆ, ಮತ್ತೆ ಶೂಟ್ ಮಾಡೋಕೆ ಮುಂಚೆ, ಎಡಿಟಿಂಗ್‌ನಲ್ಲಿ ಲೋರ್ನಾ ಮೇಡಂ ಅವರ ಆ ನಗು ಸಿಕ್ತು. ಅದರಿಂದ ಆ ದೃಶ್ಯಕ್ಕೆ ಬೇರೇನೇ ಅರ್ಥ ಬಂತು.”

“ಆ ನಗು!” ಅಂದ ಲೇಲಂಡ್. “ಲೋರ್ನಾ, ಹೊಡೆಸಿಕೊಂಡ ಆ ಹುಡುಗಿಯ ಅರವತ್ತು ವರ್ಷದ ಕ್ಷಮೆಯನ್ನ ಒಂದು ನಗುವಿನಲ್ಲಿ ಹೇಗೆ ತಂದೆ ಹೇಳು.”

ಇನ್ನೊಂದು ಮೈಕು ನನ್ನ ಕೈಗೆ ಬಂತು.

“ಅದು ನಾಯಿಗೆ ಕೊಟ್ಟ ನಗು,” ಅಂದೆ.

ಥಿಯೇಟರ್ ಗೊಳ್ಳೆಂದಿತು.

“ನಿಜ ಹೇಳ್ತಿದ್ದೀನಿ. ನಾಯಿಮರಿ ಬೇಕನ್ ಕದೀತಿದೆ, ನಗಿ ಅಂದ್ರು. ನಕ್ಕೆ. ಹೊಡೆತ ಅಂತ ಯಾರೂ ಹೇಳಲಿಲ್ಲ.”

ಇನ್ನೂ ಜೋರಾಗಿ ನಕ್ಕರು. ಮುಂದಿನ ಸಾಲಿನಲ್ಲಿ ಒಬ್ಬ ತೊಡೆ ತಟ್ಟಿಕೊಂಡ. ಲೇಲಂಡ್ ಕಣ್ಣು ಒರೆಸಿಕೊಳ್ಳುತ್ತಾ, “ನೋಡಿ, ಈ ವಯಸ್ಸಲ್ಲೂ ಈ ನಾಲಿಗೆ!” ಅಂದ. ನನ್ನ ಕಿವಿ ಹೋಗಿದೆ ಕಣೋ ಮೂರ್ಖ, ಆ ಹೊಡೆತದಲ್ಲೇ ಹೋಗಿದ್ದು, ನಾನು ಯಾರನ್ನೂ ಕ್ಷಮಿಸಿಲ್ಲ. ಬಾಯಿಯ ತನಕ ಬಂದಿತ್ತು. ಅಷ್ಟರಲ್ಲಿ ಮೈಕನ್ನು ಮೆಲ್ಲಗೆ ನನ್ನ ಬೆರಳುಗಳಿಂದ ಬಿಡಿಸಿಕೊಂಡು ಅವನು ಸಬೀನ್‌ಗೆ ಕೊಟ್ಟಿದ್ದ. ಹಾಲಿಸ್ ಮಾತ್ರ ನಗಲಿಲ್ಲ. ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

“ಸಬೀನ್, ಅದು ನಿಜವಾದ ಹೊಡೆತ ಅಂತ ಸುದ್ದಿ ಇದೆಯಲ್ಲ?” ಅಂದ ಲೇಲಂಡ್.

“ನಾನೇ ಕೇಳಿದ್ದು ಸರ್,” ಅಂದಳು ಆ ಹುಡುಗಿ. ಮುಖ ಹೊಳೆಯುತ್ತಿತ್ತು. “ಸುಳ್ಳು ಹೊಡೆತ ಎಷ್ಟು ಸಲ ಮಾಡಿದ್ರೂ ಸರಿ ಬರ್ಲಿಲ್ಲ. ನನಗೆ ಭಯಾನೂ ಇತ್ತು. ಮಾರನೇ ದಿನ ಬೆಳಿಗ್ಗೆ ಮೇಕಪ್ ಮಾಡೋವಾಗ ಹಾಲಿಸ್ ಮೇಡಂ ಫೋನ್‌ನಲ್ಲಿ ನನಗೆ ಲೋರ್ನಾ ಮೇಡಂ ನಗು ತೋರಿಸಿದ್ರು. ನೋಡು, ಅವರು ನಿನ್ನನ್ನೇ ನೋಡ್ತಿರ್ತಾರೆ ಅಂದ್ರು. ಅದನ್ನೇ ಮತ್ತೆ ಮತ್ತೆ ನೋಡಿದೆ. ಆ ಹೊಡೆತ ತಿಂದೋರೇ ನಗ್ತಿದ್ದಾರೆ, ತಲೆಯಾಡಿಸ್ತಿದ್ದಾರೆ, ನಾನ್ಯಾಕೆ ಹೆದರಬೇಕು? ಹೊಡೀರಿ, ಸರಿಯಾಗಿ ಹೊಡೀರಿ ಅಂದೆ. ಒಂದೇ ಟೇಕ್.”

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಲೇಲಂಡ್ ಕೂಡ ತನ್ನ ಮೈಕನ್ನು ಕಂಕುಳಲ್ಲಿ ಇಟ್ಟುಕೊಂಡು ತಟ್ಟಿದ. ನಾನು ಆ ಗದ್ದಲದಲ್ಲೇ ಸಬೀನ್ ಕಡೆ ಬಗ್ಗಿ, “ಆಮೇಲೆ ಕಿವಿ ಗುಂಯ್ ಅಂತಾ ಮಗಳೇ? ಡಾಕ್ಟರಿಗೆ ತೋರಿಸಿದ್ಯಾ?” ಅಂತ ಕೇಳಿದೆ.

ಅವಳು ಉತ್ತರ ಕೊಡಲಿಲ್ಲ. ಜನರ ಕಡೆ ನೋಡಿಕೊಂಡು ನಗುತ್ತಲೇ ಇದ್ದಳು. ಮುದುಕಿಯ ಮಾತು ಯಾರಿಗೆ ಬೇಕು ಅಂದುಕೊಂಡೆ. ಆಮೇಲೆ ನೋಡಿದರೆ, ನನ್ನ ಕಡೆ ಇದ್ದದ್ದು ಅವಳ ಎಡಗಿವಿ.

ಅವಳ ಮಣಿಕಟ್ಟು ಮುಟ್ಟಿದೆ. ಸಬೀನ್ ಬೆಚ್ಚಿ, ಕೂಡಲೇ ಸಾವರಿಸಿಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟಳು. ನಗುತ್ತಾ ಇಡೀ ಮೈ ತಿರುಗಿಸಿ ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು.

“ಇನ್ನೊಂದ್ಸಲ ಹೇಳಿ ಮೇಡಂ,” ಅಂದಳು.